ಹಳದಿ ಚುಕ್ಕಿಯ ಚಾರ್ಜರ್

"ಮೂಸಿ ನೋಡ್ತಿದ್ದೀರಾ ಅಕ್ಕ?"

"ಹೂಂ. ಯಾಕೆ, ನಾಯಿ ಮಾತ್ರ ಮೂಸಬೇಕು ಅಂತ ಇದೆಯಾ?"

ಜಿಗಣೆ ಮೇಜಿನ ಕೆಳಗೆ ಮೊಣಕಾಲೂರಿ ಕೂತಿದ್ದಳು. ಚಾರ್ಜರಿನ ಕಪ್ಪು ಡಬ್ಬಿ ಅವಳ ಮೂಗಿನ ತುದಿಯಲ್ಲಿತ್ತು. ಸುಟ್ಟ ವಾಸನೆ ಇತ್ತು, ನಿಜ. ಆದರೆ ಈಗಷ್ಟೇ ಸುಟ್ಟದ್ದರ ವಾಸನೆಯಲ್ಲ, ಆರಿ ತಣ್ಣಗಾದ ಒಲೆಯದ್ದು. ಇದನ್ನು ಈಚೆಗೆ ಎಲ್ಲೋ ಮೂಸಿದ್ದೇನಲ್ಲ ಎನಿಸಿತು. ಎಲ್ಲಿ ಎಂದು ಮಾತ್ರ ನೆನಪಾಗಲಿಲ್ಲ.

ಜಿಗಣೆ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ. ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವ ಕೆಲಸದಲ್ಲಿದ್ದಾಗ, ಕಚ್ಚಿದರೆ ಬಿಡುವವಳಲ್ಲ ಎಂದು ಯಾರೋ ಹೊಟ್ಟೆ ಉರಿದು ಇಟ್ಟದ್ದು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೆ, ಮನೆ ಹುಡುಕಿಕೊಂಡು ಬರುವವರೂ ಅದೇ ಹೆಸರು ಹೇಳಿ ವಿಳಾಸ ಕೇಳುತ್ತಿದ್ದರು.

ಈ ಸಲ ಹುಡುಕಿಕೊಂಡು ಬಂದವಳು ಮಕ್ಕಳ ಪುಸ್ತಕ ಮಾಡುವ ಆಫೀಸಿನ ಚಿತ್ರಗಾರ್ತಿ. ಒಂದು ತಿಂಗಳಿಂದ ಯಾರೋ ಅವಳಿಗೆ ಕಾಟ ಕೊಡುತ್ತಿದ್ದರು. ಮೊದಲು ಕುಂಚದ ಕೂದಲು ಕತ್ತರಿಸಿದರು, ಆಮೇಲೆ ಒಣಗಲು ಇಟ್ಟ ಚಿತ್ರದ ಮೇಲೆ ನೀರು ಚೆಲ್ಲಿದರು, ಇವತ್ತು ಚಾರ್ಜರ್ ಸತ್ತಿದೆ.

"ನಿನ್ನೆ ಸಂಜೆ ಸರಿ ಇತ್ತಾ?"

"ಸರಿ ಇತ್ತು ಅಕ್ಕ. ಚಾರ್ಜರ್ ಇಲ್ಲೇ ಬಿಟ್ಟು ಲ್ಯಾಪ್‌ಟಾಪ್ ಮನೆಗೆ ತಗೊಂಡು ಹೋದೆ. ದಿನಾ ಹಾಗೇ ಮಾಡೋದು. ಮನೇಲಿ ಬ್ಯಾಟರಿ ಖಾಲಿ ಆಗೋ ತನಕ ಕೆಲಸ ಮಾಡಿದೆ. ಬೆಳಿಗ್ಗೆ ಬಂದು ಚುಚ್ಚಿದ್ರೆ ಉಸಿರೇ ಇಲ್ಲ."

ಜಿಗಣೆ ಪ್ಲಗ್ಗನ್ನು ಕಿತ್ತು, ಅದೇ ಜಾಗಕ್ಕೆ ಮೇಜಿನ ದೀಪವನ್ನು ಚುಚ್ಚಿದಳು. ದೀಪ ಹತ್ತಿತು. ಗೋಡೆಯದ್ದು ತಪ್ಪಿಲ್ಲ. ಮೂಲೆಯ ಸ್ಕ್ಯಾನರಿನ ವೈರು ಅದೇ ಥರದ್ದು, ಅದನ್ನು ತಂದು ಡಬ್ಬಿಗೆ ಸಿಕ್ಕಿಸಿದಳು. ಡಬ್ಬಿಯ ಮೇಲಿನ ಪುಟ್ಟ ಹಸಿರು ದೀಪ ಕಣ್ಣು ಬಿಡಲಿಲ್ಲ. ಲ್ಯಾಪ್‌ಟಾಪಿಗೆ ಹೋಗುವ ವೈರಿನ ಕುತ್ತಿಗೆಯನ್ನು ಆ ಕಡೆ ಈ ಕಡೆ ಬಾಗಿಸಿದಳು, ಒಳಗೆ ತುಂಡಾಗಿದ್ದರೆ ಒಮ್ಮೆಯಾದರೂ ಮಿನುಗಬೇಕು. ಮಿನುಗಲಿಲ್ಲ. ಕೊನೆಗೆ ಪಕ್ಕದ ಮೇಜಿನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದಳು. ಅಲ್ಲೂ ಅದೇ ಹಾಡು.

"ನಿಮ್ಮ ಲ್ಯಾಪ್‌ಟಾಪು ಕೆಟ್ಟಿಲ್ಲ. ಚಾರ್ಜರೇ ಹೋಗಿದೆ."

"ಇದರದ್ದು ದಪ್ಪ ಪಿನ್ನು ಅಕ್ಕ, ಅಂಗಡೀಲಿ ಎಲ್ಲೂ ಸಿಗಲ್ಲ. ಸರ್ವಿಸ್ ಸೆಂಟರಲ್ಲೇ ಬದಲಾಯಿಸ್ಕೋಬೇಕು. ಇವತ್ತೇ ಆಗಬೇಕು."

ಆಗಲೇಬೇಕಿತ್ತು. ಆಫೀಸಿನವರು ಹಕ್ಕಿಗಳ ಬಗ್ಗೆ ದೊಡ್ಡ ಪುಸ್ತಕ ತರುವವರಿದ್ದರು. ಎರಡು ವರ್ಷದ ಕೆಲಸ, ಮುಖಪುಟದ ಮೇಲೆ ಚಿತ್ರ ಬಿಡಿಸಿದವರ ಹೆಸರು. ಮಾದರಿ ಚಿತ್ರ ಕೊಡಲು ಇವತ್ತು ಸಂಜೆಯೇ ಕೊನೆ. ಚಿತ್ರಗಾರ್ತಿಯ ಹಕ್ಕಿಗಳೆಲ್ಲ ಆ ಬರಿದಾದ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿದ್ದವು. ಅವಳು ಕೊಡದಿದ್ದರೆ ಪುಸ್ತಕ ಗೋಡೆ ಪಕ್ಕದ ಮೇಜಿನ ಹಿರಿಯ ಕಲಾವಿದರಿಗೆ, ಎಲ್ಲರ ಬಾಯಲ್ಲಿ 'ಮೀಸೆ' ಆಗಿರುವವರಿಗೆ ಹೋಗುವುದು ಗ್ಯಾರಂಟಿ ಎಂದು ಆಫೀಸೆಲ್ಲ ಮಾತಾಡುತ್ತಿತ್ತು.

ಮೂರನೆಯವನೊಬ್ಬನೂ ಮಾದರಿ ಕೊಟ್ಟಿದ್ದ. ನಡುವಿನ ಮೇಜಿನವನು. ಜಿಗಣೆಯ ಗಂಡ.

ಇಲ್ಲಿಯೇ ನೋಡಿ ಕಥೆ ಹದಗೆಡುವುದು. ಗಂಡನ ಪಕ್ಕದಲ್ಲಿ ಕೂರುವವಳ ಕೇಸನ್ನು ಯಾವ ಹೆಂಡತಿ ಹಿಡಿಯುತ್ತಾಳೆ? "ಯಾಕಮ್ಮ ಒಪ್ಕೊಂಡೆ?" ಎಂದು ಅತ್ತೆ ಕೇಳಿದಾಗ "ಕೆಲಸ ಅಂದ ಮೇಲೆ ಕೆಲಸ" ಎಂದು ದೊಡ್ಡದಾಗಿ ಹೇಳಿದ್ದಳು. ಸುಳ್ಳು. ಇವಳನ್ನು ಹತ್ತಿರದಿಂದ ನೋಡಬೇಕಿತ್ತು, ಅಷ್ಟೇ.

ನೋಡಿದ್ದಾಯಿತು. ಹೇಳಿಕೊಳ್ಳುವಂಥ ಚಂದವೇನಲ್ಲ. ಚಂದ ಇದ್ದಿದ್ದರೆ ಎಷ್ಟೋ ನೆಮ್ಮದಿಯಾಗಿರುತ್ತಿತ್ತು, ಚಂದಕ್ಕೆ ಮರುಳಾದ ಗಂಡನಿಗೆ ನಾಲ್ಕು ಬೈದು ದಾರಿಗೆ ತರಬಹುದು. ಆದರೆ ಇವಳ ಕೈಯಲ್ಲಿ ಅದೇನೋ ಇತ್ತು. ಒಂದು ಗೆರೆ ಎಳೆದರೆ ಗುಬ್ಬಚ್ಚಿ ಕತ್ತು ತಿರುಗಿಸಿ ನೋಡುತ್ತಿತ್ತು.

"ಅವಳು ಗೆರೆ ಎಳೆಯೋದು ನೋಡಬೇಕು ಕಣೇ," ಎಂದಿದ್ದ ಗಂಡ ಒಂದು ದಿನ, ತಟ್ಟೆಯಲ್ಲಿದ್ದ ಅನ್ನ ಆರಿಹೋಗುವ ತನಕ ಸುಮ್ಮನೆ ಕೂತಿದ್ದು. "ನೋಡಿ ಬಂದ ದಿನ ನಂಗೆ ರಾತ್ರಿ ನಿದ್ದೆನೇ ಬರಲ್ಲ."

ಯಾವ ಹೆಂಡತಿಯ ಹೊಟ್ಟೆಗೆ ಬೆಂಕಿ ಬೀಳುವುದಿಲ್ಲ, ನೀವೇ ಹೇಳಿ.

ಅದು ಸಾಲದು ಎಂಬಂತೆ ಮೊನ್ನೆ ಅವನ ದಿಂಬಿನ ಕೆಳಗೆ ಒಂದು ಹಾಳೆ ಸಿಕ್ಕಿತ್ತು. ಮೇಲ್ಗಡೆ ಚಿತ್ರಗಾರ್ತಿ ಬಿಡಿಸಿ ಎಸೆದಿದ್ದ ಒಂದು ಗುಬ್ಬಚ್ಚಿ. ಕೆಳಗೆ ಗಂಡನ ಕೈಯಲ್ಲಿ ಅದೇ ಗುಬ್ಬಚ್ಚಿ, ಮತ್ತೆ ಅದೇ ಗುಬ್ಬಚ್ಚಿ, ಹಾಳೆ ಹರಿಯುವ ತನಕ ಅದೇ. ಹರೆಯದ ಹುಡುಗರು ಬೆಂಚಿನ ಮೇಲೆ ಹುಡುಗಿಯ ಹೆಸರು ಕೆತ್ತುವುದಿಲ್ಲವೇ, ಅದರ ಹಾಗೆ. ಜಿಗಣೆ ಹಾಳೆಯನ್ನು ಇದ್ದಲ್ಲೇ ಇಟ್ಟು, ಸ್ನಾನದ ಮನೆಯ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

"ಅಕ್ಕ, ಏನು ಯೋಚನೆ ಮಾಡ್ತಿದ್ದೀರಾ?"

"ಏನಿಲ್ಲ. ಬೇರೆ ಚಾರ್ಜರ್ ಹಾಕಿ ನೋಡೋಣ ಅಂತ."

ಮೂರೂ ಲ್ಯಾಪ್‌ಟಾಪುಗಳನ್ನು ಆಫೀಸಿನವರು ಒಂದೇ ಬಿಲ್ಲಿನಲ್ಲಿ ತಂದಿದ್ದರು. ಚಾರ್ಜರುಗಳು ಅದಲುಬದಲಾಗಿ ದಿನಾ ಕಿತ್ತಾಟ. ಬೇರೆ ಕಡೆಯಾಗಿದ್ದರೆ ಚೀಟಿ ಅಂಟಿಸಿ ಹೆಸರು ಬರೆಯುತ್ತಿದ್ದರು. ಇವರು ಬಣ್ಣದವರು. ಡಬ್ಬಿಯ ಬೆನ್ನಿಗೆ ತಲಾ ಒಂದು ಚುಕ್ಕಿ ಇಟ್ಟುಕೊಂಡಿದ್ದರು. ಚಿತ್ರಗಾರ್ತಿಗೆ ಹಳದಿ, ಮೀಸೆಗೆ ನೀಲಿ, ಗಂಡನಿಗೆ ಕೆಂಪು.

ಜಿಗಣೆಯ ಹೆಬ್ಬೆರಳು ಕೈಯಲ್ಲಿದ್ದ ಡಬ್ಬಿಯ ಹಳದಿ ಚುಕ್ಕಿಯ ಮೇಲೆ ಆಡಿತು. ಸ್ವಲ್ಪ ಉಬ್ಬಿತ್ತು, ಹುರುಳಿಕಾಳಿನ ಹಾಗೆ.

"ಮೀಸೆಯವರದ್ದು ಎಲ್ಲಿ?"

"ನಿನ್ನೆ ಲ್ಯಾಪ್‌ಟಾಪು, ಚಾರ್ಜರು ಎಲ್ಲ ಕಟ್ಕೊಂಡು ಮನೆಗೆ ಹೋದ್ರು. ಕೊನೇ ತಿದ್ದುಪಡಿ ಮನೇಲಿ ಮಾಡ್ತೀನಿ ಅಂದ್ರು. ಬೆಳಿಗ್ಗೆಯಿಂದ ಫೋನು ಎತ್ತುತ್ತಿಲ್ಲ."

"ನಿನ್ನೆ ಕೊನೆಗೆ ಬೀಗ ಹಾಕಿದ್ದು ಯಾರು?"

"ಮೀಸೆನೇ." ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಗಂಡ ಎರಡು ಲೋಟ ಕಾಫಿ ಹಿಡಿದು ನಿಂತಿದ್ದ. "ನಾನು ಹೊರಡುವಾಗ ಅವರೊಬ್ಬರೇ ಇದ್ರು. ನಂಗೇನೋ ಅವರ ಮೇಲೇ ಅನುಮಾನ."

ಎರಡು ಲೋಟ. ಒಂದನ್ನು ಚಿತ್ರಗಾರ್ತಿಯ ಮುಂದಿಟ್ಟ, ಇನ್ನೊಂದನ್ನು ತಾನೇ ಹಿಡಿದುಕೊಂಡ. ಕಟ್ಟಿಕೊಂಡವಳು ಮೇಜಿನ ಕೆಳಗಿನ ಧೂಳಲ್ಲಿ ಕೂತಿದ್ದಾಳೆ, ಅವಳಿಗೆ ಕಾಫಿ ಬೇಡವೇ?

"ರೀ, ನಿಮ್ಮ ಚಾರ್ಜರ್ ಕೊಡಿ. ಒಂದು ಗಂಟೆ ಚುಚ್ಚಿದ್ರೆ ಇವರ ಕೆಲಸ ಆಗುತ್ತೆ."

ಗಂಡ ಕಾಫಿಯನ್ನು ಕುಡಿಯಲು ಎತ್ತಿದವನು ಹಾಗೇ ಇಳಿಸಿದ. "ಮನೇಲೇ ಮರೆತು ಬಂದೆ ಕಣೇ."

ಜಿಗಣೆಯ ಕಿವಿ ನೆಟ್ಟಗಾಯಿತು. ಬೆಳಿಗ್ಗೆ ಮಂಚದ ಕೆಳಗೆ ಗುಡಿಸಿದವಳು ಅವಳೇ. ಅವನು ದಿನಾ ಚಾರ್ಜರ್ ಚುಚ್ಚುವ, ಮಂಚದ ಪಕ್ಕದ ಪಾಯಿಂಟು ಖಾಲಿ ಇತ್ತು. ಮನೆಯಲ್ಲಿ ಚಾರ್ಜರ್ ಇಲ್ಲ, ಇಲ್ಲೂ ಇಲ್ಲ. ಹಾಗಾದರೆ ಎಲ್ಲಿ ಬಿಟ್ಟು ಬಂದ? ಕಳೆದ ಭಾನುವಾರ 'ಸ್ವಲ್ಪ ಕೆಲಸ ಇದೆ' ಎಂದು ಬ್ಯಾಗು ಹೆಗಲಿಗೇರಿಸಿ ಹೋದವನು ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದಿದ್ದ. ಬೆರಳ ತುದಿಗೆ ಹಳದಿ ಬಣ್ಣ ಮೆತ್ತಿತ್ತು. ಇವಳ ಬಣ್ಣ! ಇವಳ ಮನೆಗೇ ಹೋಗಿದ್ದಾನೆ, ಅಲ್ಲೇ ಬಿಟ್ಟು ಬಂದಿದ್ದಾನೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು. ಮನೆಯ ಪಾಯಿಂಟಿನ ಮಾತನ್ನು ಅವಳು ಅಲ್ಲೇ ಆಡಿಬಿಟ್ಟಿದ್ದರೆ ಕಥೆ ಬೇರೆ ಆಗುತ್ತಿತ್ತು. ಇವಳ ಮುಂದೆ ನನ್ನ ಮಾನ ಯಾಕೆ ಕಳೆದುಕೊಳ್ಳಲಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

"ಕೊಡು ಇಲ್ಲಿ," ಗಂಡ ಕೈಚಾಚಿದ. "ನಾನೇ ಸರ್ವಿಸ್ ಸೆಂಟರಿಗೆ ಹೋಗಿ ಬದಲಾಯಿಸ್ಕೊಂಡು ಬರ್ತೀನಿ. ನೀವಿಬ್ಬರೂ ಯಾಕೆ ಒದ್ದಾಡ್ತೀರಾ?"

"ಅಯ್ಯೋ ಬೇಡಿ ಅಣ್ಣ, ನಿಮಗೆ ಯಾಕೆ ತೊಂದರೆ," ಎಂದಳು ಚಿತ್ರಗಾರ್ತಿ.

ಬಾಯಲ್ಲಿ ಅಣ್ಣ!

"ಪರವಾಗಿಲ್ಲಪ್ಪ, ಹೋಗ್ತಾರೆ ಬಿಡಿ," ಎಂದು ಜಿಗಣೆ ಎದ್ದು ನಿಂತು ಮೊಣಕಾಲಿನ ಧೂಳು ಕೊಡವಿದಳು. "ಮನೆ ಅಡುಗೆಮನೆ ಬಾಗಿಲಿಗೆ ಬಣ್ಣ ಬಳೀರಿ ಅಂತ ನಾನು ಕಾಲಿಗೆ ಬೀಳೋದೊಂದು ಬಾಕಿ ಇತ್ತು. ಎರಡು ವರ್ಷ ತಗೊಂಡ್ರು. ಇಲ್ಲಿ ಮಾತ್ರ ಕರೆಯೋಕೆ ಮುಂಚೆ ಚಪ್ಪಲಿ ಹಾಕ್ಕೊಂಡು ರೆಡಿ."

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಅದನ್ನ ನೀವೇ ಹೇಳಬೇಕು."

ಆ ಬಾಗಿಲಿನದ್ದೂ ಒಂದು ರಾಮಾಯಣ. ಹಳದಿ ಬಳಿಯಿರಿ ಎಂದರೆ ಮೊದಲು ಇಡೀ ಬಾಗಿಲಿಗೆ ಬಿಳಿ ಬಳಿದು ಕೂತಿದ್ದ. 'ಹಳದಿ ಬಡಪಾಯಿ ಬಣ್ಣ ಕಣೇ, ಕೆಳಗೆ ಬಿಳಿ ಹಾಸಿಗೆ ಹಾಸದಿದ್ರೆ ನಿಲ್ಲಲ್ಲ' ಎಂದು ಪಾಠ ಬೇರೆ ಹೇಳಿದ್ದ. ಬಿಳಿ ಒಣಗಿ, ಹಳದಿ ಬಂದು, ಬಾಗಿಲು ಬಾಗಿಲಾಗುವಷ್ಟರಲ್ಲಿ ಜಿಗಣೆಯ ತಾಳ್ಮೆ ಮುಗಿದಿತ್ತು.

ಗಂಡ ಮತ್ತೆ ಡಬ್ಬಿಗೆ ಕೈ ಹಾಕಿದ. ಈ ಸಲ ವೈರು ಹಿಡಿದು ಎಳೆದೇ ಬಿಟ್ಟ. ಜಿಗಣೆ ಬಿಡಲಿಲ್ಲ. ಒಂದು ಗಳಿಗೆ ಗಂಡ ಹೆಂಡತಿ ಇಬ್ಬರೂ ಸತ್ತ ಚಾರ್ಜರಿನ ಎರಡು ತುದಿ ಹಿಡಿದು ಹಗ್ಗಜಗ್ಗಾಟಕ್ಕೆ ನಿಂತವರಂತೆ ನಿಂತರು. ಅವನ ಹಣೆಯ ಮೇಲೆ ಬೆವರೊಡೆದಿತ್ತು.

"ಬಿಡಿ," ಎಂದಳು ತಣ್ಣಗೆ. "ಕೇಸು ನಂದು. ನಾನೇ ಹೋಗ್ತೀನಿ. ಇವರನ್ನೂ ಕರ್ಕೊಂಡು ಹೋಗ್ತೀನಿ."

ಅವನು ಬಿಟ್ಟ. "ಹೊಸದು ಕೊಟ್ರೆ ತಗೊಂಡು, ಹಳೇದು ಅಲ್ಲೇ ಬಿಸಾಕಿ ಬಾ. ಅದನ್ನ ಮನೆಗೆ ತಂದು ಉಪ್ಪಿನಕಾಯಿ ಹಾಕಬೇಡ." ನಗಲು ನೋಡಿದ. ನಗು ಬರಲಿಲ್ಲ.

ಸರ್ವಿಸ್ ಸೆಂಟರು ಅಂಗಡಿ ಸಾಲಿನ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲದ ಕೋಣೆ, ಟೋಕನ್ ಹಿಡಿದು ಕೂತ ಜನ, ಗೋಡೆಗೆ ಒತ್ತಿಕೊಂಡ ಕಬ್ಬಿಣದ ಬೆಂಚು. ಒಬ್ಬ ಮುದುಕರು ಪ್ರಿಂಟರನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಚಿತ್ರಗಾರ್ತಿ ಲ್ಯಾಪ್‌ಟಾಪಿನ ಚೀಲವನ್ನು ಎದೆಗವಚಿಕೊಂಡು, ಟೋಕನಿನ ಸಂಖ್ಯೆ ಬದಲಾದಾಗಲೆಲ್ಲ ಬೆಚ್ಚುತ್ತಿದ್ದಳು.

"ಮೀಸೆ ಹೀಗೆ ಮಾಡ್ತಾರೆ ಅನ್ಸುತ್ತಾ ನಿಮಗೆ?" ಜಿಗಣೆ ಕೇಳಿದಳು.

"ಗೊತ್ತಿಲ್ಲ ಅಕ್ಕ. ಬಾಯಿ ಜೋರು. ಆದರೆ ನನ್ನ ಚಿತ್ರದ ಮೇಲೆ ನೀರು ಬಿದ್ದ ದಿನ ತಾವೇ ಕೂತು ಹಾಳೆ ಒತ್ತಿ ಒತ್ತಿ ಒಣಗಿಸಿ ಕೊಟ್ರು. 'ಗೆದ್ರೆ ಚಿತ್ರದಲ್ಲಿ ಗೆಲ್ಲಬೇಕು ಮಗಳೇ' ಅಂದ್ರು."

"ಮತ್ತೆ ಯಾರು? ನೀವೇ ಏನಾದ್ರೂ..."

"ನಾನೇ ಅಂದ್ರೆ?"

"ಚಾರ್ಜರ್ ಕೆಟ್ಟಿದೆ ಅಂದ್ರೆ ಯಾರೋ ಕಾಫಿ ತಂದುಕೊಡ್ತಾರೆ, ಯಾರೋ ಓಡಾಡ್ತಾರೆ." ಆಡಬಾರದ ಮಾತು ಆಡಿ ಆಗಿತ್ತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಜಿಗಣೆ ತಿರುಗಿ ನೇರವಾಗಿ ಕೇಳಿದಳು. "ಭಾನುವಾರ ನಮ್ಮ ಯಜಮಾನರು ನಿಮ್ಮ ಮನೆಗೆ ಬಂದಿದ್ರಾ?"

ಚಿತ್ರಗಾರ್ತಿ ಮೊದಲು ಅರ್ಥವಾಗದವಳಂತೆ ನೋಡಿದಳು. ಅರ್ಥವಾದ ಮೇಲೆ ಮುಖ ಕೆಂಪಾಯಿತು, ನಾಚಿಕೆಯಿಂದಲ್ಲ.

"ಅಕ್ಕ! ಏನು ಮಾತಾಡ್ತಿದ್ದೀರಾ ನೀವು?"

"ಕೇಳಿದ್ದಕ್ಕೆ ಹೇಳಿ."

"ಭಾನುವಾರ ನಾನು ಊರಲ್ಲೇ ಇರಲಿಲ್ಲ. ಅಮ್ಮನ ಮನೇಲಿದ್ದೆ. ಸೋಮವಾರ ಬಂದು ನೋಡಿದ್ರೆ ಆಫೀಸಲ್ಲಿ ನನ್ನ ಹಳದಿ ಬಣ್ಣದ ಬಾಟಲಿ ಮುಚ್ಚಳ ಸಡಿಲ ಇತ್ತು, ಮೇಲೆಲ್ಲ ಒಣಗಿಹೋಗಿತ್ತು. ಅದನ್ನೂ ನಿಮಗೆ ಹೇಳಬೇಕು ಅಂತಿದ್ದೆ, ಚಿಕ್ಕ ವಿಷಯ ಅಂತ ಸುಮ್ಮನಾದೆ."

"ಅವರು ಮನೇಲಿ ಬರೀ ನಿಮ್ಮದೇ ಮಾತು."

"ಇರಬಹುದು. ನನ್ನ ಜೊತೆ ಮಾತ್ರ ಮಾತಿಲ್ಲ!" ಚಿತ್ರಗಾರ್ತಿಯ ಧ್ವನಿ ಏರಿತು. ಪ್ರಿಂಟರಿನ ಮುದುಕರು ತಲೆಯೆತ್ತಿದರು. ಅವಳು ತಗ್ಗಿಸಿದಳು. "ಹೇಳೇಬಿಡ್ತೀನಿ ಅಕ್ಕ. ನಾನು ಕೆಲಸ ಮಾಡುವಾಗ ನಿಮ್ಮ ಯಜಮಾನರು ನನ್ನ ಬೆನ್ನ ಹಿಂದೆ ಬಂದು ನಿಂತ್ಕೊಳ್ತಾರೆ. ಏನೂ ಮಾತಾಡಲ್ಲ, ಸುಮ್ಮನೆ ಕೈ ನೋಡ್ತಾರೆ. ನಾನು ಆಕಡೆ ಹೋದ ಮೇಲೆ ಬುಟ್ಟಿಗೆ ಎಸೆದ ಹಾಳೆ ಎತ್ಕೊಳ್ತಾರೆ. ನಂಗೆ ಆ ನೋಟ ಕಂಡ್ರೆ ಭಯ. ಮೂರು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ 'ಚೆನ್ನಾಗಿದೆ' ಅಂದಿಲ್ಲ. ಇವತ್ತಿನ ಕಾಫಿನೇ ಮೊದಲನೇದು. ಅದಕ್ಕೇ ಕುಡಿಯೋಕೆ ಧೈರ್ಯ ಬರಲಿಲ್ಲ."

ಕಾಫಿಯ ಲೋಟ ಮೇಜಿನ ಮೇಲೆ ತುಂಬಿದಂತೆಯೇ ಉಳಿದಿದ್ದು ನಿಜ. ಅದನ್ನು ಜಿಗಣೆ ನೋಡಿದ್ದಳು, ಒಯ್ಯಾರ ಎಂದುಕೊಂಡಿದ್ದಳು.

ಅವರ ಟೋಕನಿನ ಸಂಖ್ಯೆ ಬಂತು.

ಕೌಂಟರಿನವನು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದ. ಮುದುಕರು "ತಲೆ ಮೇಲಿದೆ" ಎಂದ ಮೇಲೆ ಇಳಿಸಿಕೊಂಡ. ಚಾರ್ಜರಿನ ಪಿನ್ನನ್ನು ಮೀಟರಿಗೆ ಹಚ್ಚಿದ. ಮುಳ್ಳು ಅಲ್ಲಾಡಲಿಲ್ಲ.

"ಸತ್ತಿದೆ."

"ಅದು ನಮಗೂ ಗೊತ್ತು," ಎಂದಳು ಜಿಗಣೆ.

ಅವನು ಬಿಲ್ಲು ನೋಡಿ, ಡಬ್ಬಿಯ ಹಿಂದಿನ ನಂಬರನ್ನೂ ಲ್ಯಾಪ್‌ಟಾಪಿನ ಕೆಳಗಿನದ್ದನ್ನೂ ಹೋಲಿಸಿದ. ಹುಬ್ಬು ಗಂಟಿಕ್ಕಿತು. "ಇದು ಈ ಲ್ಯಾಪ್‌ಟಾಪಿನ ಜೊತೆ ಬಂದಿದ್ದಲ್ಲವಲ್ಲಮ್ಮ. ಮೂರು ಒಟ್ಟಿಗೆ ತಗೊಂಡಿದ್ದೀರಲ್ಲ, ಅದರಲ್ಲಿ ಇನ್ನೊಂದರದ್ದು."

"ಸಾಧ್ಯನೇ ಇಲ್ಲ," ಚಿತ್ರಗಾರ್ತಿ ಮುಂದೆ ಬಾಗಿದಳು. "ನೋಡಿ, ನನ್ನ ಹಳದಿ ಚುಕ್ಕಿ ಇದೆಯಲ್ಲ!"

"ಚುಕ್ಕಿ ಗಿಕ್ಕಿ ನಂಗೆ ಗೊತ್ತಿಲ್ಲ, ನಂಬರು ಹೇಳಿದ್ದು ಹೇಳಿದೆ. ಗ್ಯಾರಂಟಿ ಮೂರಕ್ಕೂ ಇದೆ, ಹೊಸದು ಕೊಡ್ತೀನಿ. ಹಳೇದು ಇಲ್ಲಿ ಒಪ್ಪಿಸಬೇಕು, ಅದು ರೂಲು. ಒಳಗಿಂದ ತರ್ತೀನಿ ಇರಿ." ಅವನು ಒಳಕ್ಕೆ ಹೋದ.

ಡಬ್ಬಿ ಕೌಂಟರಿನ ಮೇಲೆ ಮಕಾಡೆ ಬಿದ್ದಿತ್ತು. ಕೊಳವೆ ದೀಪದ ಬೆಳಕಲ್ಲಿ ಹಳದಿ ಚುಕ್ಕಿ ಹೊಳೆಯುತ್ತಿತ್ತು. ಉಬ್ಬಿದ ಚುಕ್ಕಿ. ಒಂದು ಹನಿ ಬಣ್ಣ ಇಷ್ಟು ಯಾಕೆ ಉಬ್ಬಬೇಕು?

ಜಿಗಣೆ ಅದನ್ನು ಅಂಗೈಗೆ ತೆಗೆದುಕೊಂಡು ತೋರುಬೆರಳಿನ ಉಗುರಿನಿಂದ ಅಂಚನ್ನು ಕೆರೆದಳು. ಹಳದಿ ಸಿಪ್ಪೆಯಂತೆ ಎದ್ದು ಬಂತು.

ಕೆಳಗೆ ಬಿಳಿ.

ಅವ್ವಾ ಎಂದಿತು ಜೀವ. ಹಳದಿ ಬಡಪಾಯಿ ಬಣ್ಣ ಕಣೇ.

ಕೈ ನಿಲ್ಲಲಿಲ್ಲ. ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಇನ್ನೊಂದು ಸಲ ಕೆರೆದಳು. ಬಿಳಿಯ ಕೆಳಗೆ, ಒಂದಿಷ್ಟೂ ಮಾಸದೆ, ಕೆಂಪು.

ಬೇರೆ ಯಾರೇ ಆಗಿದ್ದರೂ ಹಳೆಯ ಚುಕ್ಕಿಯನ್ನು ಉಜ್ಜಿ ಒರೆಸಿ ತೆಗೆಯುತ್ತಿದ್ದರು. ಬಣ್ಣದವನಿಗೆ ಉಜ್ಜುವುದು ಗೊತ್ತಿಲ್ಲ, ಮೇಲೆ ಬಳಿಯುವುದೇ ಗೊತ್ತು. ಅದನ್ನೂ ಅಚ್ಚುಕಟ್ಟಾಗಿ, ಬಿಳಿ ಹಾಸಿಗೆ ಹಾಸಿ. ಕದಿಯುವಾಗಲೂ ಕೈಕೆಲಸ ಕೆಡಿಸಿಕೊಂಡಿರಲಿಲ್ಲ ಮಹಾರಾಯ.

ಆಗ ಆ ವಾಸನೆಯೂ ನೆನಪಾಯಿತು. ಹೋದ ವಾರ ಮಲಗುವ ಕೋಣೆಯಲ್ಲಿ ಬಂದದ್ದು. 'ಹೊರಗೆ ಯಾರೋ ಕಸ ಸುಡ್ತಿದ್ದಾರೆ' ಎಂದು ಗಂಡ ಎದ್ದು ಕಿಟಕಿ ತೆರೆದಿದ್ದ. ಸತ್ತದ್ದು ಅವನ ಚಾರ್ಜರು. ಭಾನುವಾರ ಖಾಲಿ ಆಫೀಸಿನಲ್ಲಿ ಕೂತು ಅದಕ್ಕೆ ಹಳದಿ ಬಳಿದ. ನಿನ್ನೆ ಇವಳು ಹೋದ ಮೇಲೆ, ಮೀಸೆಯ ಕಣ್ಣು ತಪ್ಪಿಸಿ, ಅದನ್ನು ಇವಳ ಮೇಜಿನಲ್ಲಿಟ್ಟು, ಇವಳದ್ದನ್ನು ಎತ್ತಿಕೊಂಡ. ಇವತ್ತು ಬದಲಾಯಿಸಿಕೊಂಡು ಬರುತ್ತೇನೆ ಎಂದು ಕೈಚಾಚಿದವನು ಸಂಜೆಯೊಳಗೆ ವಾಪಸು ಬರುತ್ತಿರಲಿಲ್ಲ.

ದಿಂಬಿನ ಕೆಳಗಿನ ಗುಬ್ಬಚ್ಚಿಗಳು ಪ್ರೇಮದ ಗುಬ್ಬಚ್ಚಿಗಳಲ್ಲ. ಆ ಒಂದು ಗೆರೆ ತನ್ನ ಕೈಗೆ ಬರಲೊಲ್ಲದು ಎಂದು ಹಲ್ಲು ಕಚ್ಚಿ ಹಾಳೆ ಹರಿಯುವ ತನಕ ತಿದ್ದಿದ್ದು. ನಿದ್ದೆ ಬರಲ್ಲ ಎಂದದ್ದೂ ನಿಜವೇ.

ಹೇಳಿದರೆ ನಾಚಿಕೆಗೇಡು, ಆದರೂ ಹೇಳಬೇಕು. ಜಿಗಣೆಗೆ ಮೊದಲು ಆದದ್ದು ಸಂತೋಷ. ಅವನು ಇವಳನ್ನು ಪ್ರೀತಿಸುತ್ತಿಲ್ಲ! ತಿಂಗಳುಗಟ್ಟಲೆ ಹೊಟ್ಟೆಯಲ್ಲಿದ್ದ ಕೆಂಡಕ್ಕೆ ಯಾರೋ ಒಂದು ಕೊಡ ನೀರು ಸುರಿದಂತಾಯಿತು.

ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಪ್ರೇಮವಾಗಿದ್ದರೆ ಜಗಳ ಆಡಬಹುದಿತ್ತು, ತವರಿಗೆ ಹೋಗಬಹುದಿತ್ತು, ಅತ್ತೆಯನ್ನು ಮುಂದಿಟ್ಟುಕೊಂಡು ಪಂಚಾಯಿತಿ ಮಾಡಬಹುದಿತ್ತು. ಇದಕ್ಕೆ ಏನು ಮಾಡುವುದು? ಇದು ಹೊರಬಿದ್ದರೆ ಅವನ ಕೆಲಸ ಹೋಗುತ್ತದೆ, ಇನ್ನು ಯಾವ ಆಫೀಸಿನವರೂ ಅವನ ಕೈಗೆ ಕುಂಚ ಕೊಡುವುದಿಲ್ಲ. ಕುಂಚವಿಲ್ಲದ ಅವನನ್ನು ಅವಳು ಕಂಡಿರಲಿಲ್ಲ, ಕಾಣುವ ಆಸೆಯೂ ಇರಲಿಲ್ಲ.

ಅಷ್ಟೆಲ್ಲದರ ನಡುವೆಯೂ ಹಾಳು ಹೊಟ್ಟೆಕಿಚ್ಚು ಇನ್ನೊಮ್ಮೆ ಹೆಡೆಯೆತ್ತಿತು. ದ್ವೇಷಿಸುವುದಕ್ಕಾದರೂ ಸರಿ, ಅವನು ರಾತ್ರಿಯೆಲ್ಲ ಎಚ್ಚರವಿದ್ದು ನೆನೆದದ್ದು ಇವಳನ್ನೇ. ಪಕ್ಕದಲ್ಲಿ ಮಲಗಿದ್ದವಳನ್ನಲ್ಲ.

"ತಗೊಳ್ಳಿ," ಕೌಂಟರಿನವನು ಹೊಸ ಚಾರ್ಜರಿನ ಪೆಟ್ಟಿಗೆ ತಂದಿಟ್ಟ. "ಹಳೇದು ಕೊಡಿ ಅಮ್ಮ."

ಅವನ ಕಾಲ ಬಳಿ ದೊಡ್ಡ ಡ್ರಮ್ಮಿತ್ತು. ಸತ್ತ ಚಾರ್ಜರುಗಳು ಹಾವಿನ ಮರಿಗಳಂತೆ ಒಂದಕ್ಕೊಂದು ಸುತ್ತಿಕೊಂಡು ಬಿದ್ದಿದ್ದವು. ಅದರೊಳಗೆ ಹೋದರೆ ಮುಗಿಯಿತು. ನಾಳೆ ಯಾರು ಹುಡುಕಿದರೂ ಸಿಗುವುದಿಲ್ಲ.

ಕೊಡದಿದ್ದರೆ ಹೊಸದಿಲ್ಲ. ಹೊಸದಿಲ್ಲದಿದ್ದರೆ ಇವಳ ಹಕ್ಕಿಗಳು ಸಂಜೆಗೆ ಹೊರಬರುವುದಿಲ್ಲ. ಕೊಟ್ಟರೆ ಇವಳೂ ಗೆಲ್ಲುತ್ತಾಳೆ, ಗಂಡನೂ ಉಳಿಯುತ್ತಾನೆ. ಯಾರಿಗೂ ನಷ್ಟವಿಲ್ಲ. ಎಷ್ಟು ಸಲೀಸಾದ ಲೆಕ್ಕ! ಕ್ಲೇಮಿನ ಕಾಲದಲ್ಲಿ ಇಂಥ ಸಲೀಸು ಲೆಕ್ಕ ಹೇಳಿದವರನ್ನೆಲ್ಲ ಅವಳು ಕಟಕಟೆ ಹತ್ತಿಸಿದ್ದಳು.

"ಕೊಟ್ಟುಬಿಡಿ ಅಕ್ಕ," ಎಂದಳು ಚಿತ್ರಗಾರ್ತಿ ಮೆಲ್ಲಗೆ. "ಹೊತ್ತಾಗ್ತಿದೆ."

ಜಿಗಣೆ ಚುಕ್ಕಿಯ ಮೇಲೆ ಹೆಬ್ಬೆರಳು ಮುಚ್ಚಿ, ಡಬ್ಬಿಯನ್ನು ಮಗುಚಿ ಕೊಟ್ಟಳು. ಕೌಂಟರಿನವನು ನೋಡಲೂ ಇಲ್ಲ, ವೈರು ಹಿಡಿದು ಡ್ರಮ್ಮಿಗೆ ಎಸೆದ. ಟಣ್ ಎಂದಿತು. ಹಿಡಿದದ್ದನ್ನು ಬಿಟ್ಟು ಅವಳಿಗೆ ಅಭ್ಯಾಸವಿರಲಿಲ್ಲ, ಕೈ ಬಹಳ ಹೊತ್ತು ಗಾಳಿಯಲ್ಲೇ ಉಳಿಯಿತು.

ಕೌಂಟರಿನ ಪಕ್ಕದ ಪಾಯಿಂಟಿಗೆ ಹೊಸ ಚಾರ್ಜರ್ ಚುಚ್ಚಿದರು. ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪು ಒಮ್ಮೆ ಗುರ್ ಎಂದು ಎಚ್ಚರಗೊಂಡಿತು, ಪರದೆಯ ತುಂಬ ಒಂದು ಮಿಂಚುಳ್ಳಿ ಮೂಡಿತು. ನೀರಿಗೆ ಧುಮುಕುವ ಮುಂಚಿನ ಗಳಿಗೆ, ರೆಕ್ಕೆ ಇನ್ನೂ ಅರ್ಧ ಮಡಚಿತ್ತು. ಪ್ರಿಂಟರಿನ ಮುದುಕರು ಎದ್ದು ಬಂದು ನೋಡಿ "ಆಹಾ!" ಎಂದರು. ಗಂಡ ಯಾಕೆ ನಿದ್ದೆಗೆಟ್ಟ ಎಂಬುದು ಜಿಗಣೆಗೆ ಮೊದಲ ಸಲ ಅರ್ಥವಾಯಿತು.

ಚಿತ್ರಗಾರ್ತಿ ಎಲ್ಲ ಚಿತ್ರಗಳನ್ನೂ ಒಂದೊಂದಾಗಿ ತೆರೆದು ನೋಡಿದಳು. ಎಲ್ಲವೂ ಇದ್ದವು. ಲ್ಯಾಪ್‌ಟಾಪು ಮುಚ್ಚಿ, ಚೀಲಕ್ಕೆ ಹಾಕಿ, ಹೊಸ ಚಾರ್ಜರನ್ನೂ ಹಾಕಿ, ಜಿಪ್ಪು ಎಳೆದು, ಹೆಗಲಿಗೇರಿಸಿಕೊಂಡಳು. ಅದೆಲ್ಲ ಆಗುವ ತನಕ ಒಂದು ಮಾತೂ ಆಡಲಿಲ್ಲ.

ಮೆಟ್ಟಿಲ ಬುಡಕ್ಕೆ ಬಂದಾಗ ನಿಂತಳು.

"ಬೆರಳಿಗೆ ಏನಾಯ್ತು ಅಕ್ಕ? ರಕ್ತಾನಾ?"

ಜಿಗಣೆ ತನ್ನ ತೋರುಬೆರಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಕೆಂಪು. "ಹೂಂ. ಡಬ್ಬಿ ಅಂಚು ಗೀರಿತು. ಏನಿಲ್ಲ, ತೊಳೆದ್ರೆ ಹೋಗುತ್ತೆ."

ಎದುರಿಗೇ, ಮೆಟ್ಟಿಲ ಪಕ್ಕದಲ್ಲಿ, ಕೈತೊಳೆಯುವ ನಲ್ಲಿ ಇತ್ತು. ಅವಳು ಅತ್ತ ಒಂದು ಹೆಜ್ಜೆ ಇಟ್ಟಿದ್ದಳು ಅಷ್ಟೇ. ಚಿತ್ರಗಾರ್ತಿ ಅವಳ ಮಣಿಕಟ್ಟು ಹಿಡಿದಳು. ಹಿಡಿತ ಬಿಗಿಯಾಗಿತ್ತು. ಬೆರಳನ್ನು ಮೇಲಿನಿಂದ ಬೀಳುತ್ತಿದ್ದ ಬೆಳಕಿಗೆ ತಿರುಗಿಸಿ, ಬಣ್ಣ ಕೊಳ್ಳುವವಳು ಬಾಟಲಿ ನೋಡುವ ಹಾಗೆ ನೋಡಿದಳು. ಕೆಂಪಿನ ಪಕ್ಕದಲ್ಲಿ ಬಿಳಿಯ ಎಳೆ. ಬಿಳಿಯ ಪಕ್ಕದಲ್ಲಿ ಹಳದಿಯ ಪುಡಿ.

"ರಕ್ತ ಯಾವುದು, ಬಣ್ಣ ಯಾವುದು ಅಂತ ಗೊತ್ತಾಗದೇ ಇದ್ರೆ ನಾನು ಎಂಥ ಚಿತ್ರಗಾರ್ತಿ ಅಕ್ಕ?"

ಜಿಗಣೆ ಕೈ ಎಳೆದುಕೊಳ್ಳಲು ನೋಡಿದಳು. ಆಗಲಿಲ್ಲ.

"ಹೊಸದು ಕೈಗೆ ಬರೋ ತನಕ ಸುಮ್ಮನಿದ್ದೆ," ಎಂದಳು ಚಿತ್ರಗಾರ್ತಿ. ಅವಳ ಕಣ್ಣು ತುಂಬಿತ್ತು, ಧ್ವನಿ ಮಾತ್ರ ನಡುಗಲಿಲ್ಲ. "ಸಂಜೆ ಚಿತ್ರ ಕೊಡುವಾಗ ಎಲ್ಲರೂ ಇರ್ತಾರೆ. ಅಣ್ಣಾನೂ ಇರ್ತಾರೆ. ಅಲ್ಲೀತನಕ ಕೈ ತೊಳೀಬೇಡಿ ಅಕ್ಕ."